ಕರೆಯೂ ಕೂಲಿಯೂ

ಬುದ್ಧಿ ಹೇಳೆಂದು ಕೇಳಿದರೆ ಒಲ್ಲೆನೆನ್ನುವ ನಿವೃತ್ತ ಮಾಸ್ತರನನ್ನು ನಾನಂತೂ ಕಂಡಿಲ್ಲ. ಮೂವತ್ತು ವರ್ಷ ಹೇಳಿ ಹೇಳಿ ನಾಲಿಗೆಗೆ ಅದು ಅಭ್ಯಾಸವಾಗಿರುತ್ತದೆ. ಕೇಳುವ ಕಿವಿಗಳು ಮಾತ್ರ ಒಂದು ದಿನ ಇದ್ದಕ್ಕಿದ್ದ ಹಾಗೆ ಇಲ್ಲವಾಗಿರುತ್ತವೆ. ಆದುದರಿಂದ ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ನಮ್ಮ ಹೊಲ ಮಾಡುವಾತ ರಾಶಿಯ ಹತ್ತಿರ ನಿಂತು ತಲೆ ತುರಿಸುತ್ತ, "ಮಾಸ್ತರ್ರ, ನಮ್ ಹುಡುಗ್ಗ ನೀವು ಒಂದು ಮಾತು ಹೇಳ್ಬೇಕ್ರಿ" ಎಂದಾಗ, ವಿಷಯವೇನೆಂದು ಕೇಳುವ ಮೊದಲೇ ನಾನು ಒಪ್ಪಿಕೊಂಡುಬಿಟ್ಟಿದ್ದೆ.

ಊರು ಬಳಗಾನೂರು. ಸಿಂಧನೂರಿಗೂ ಮಸ್ಕಿಗೂ ದೂರವಲ್ಲ. ನನ್ನ ಅಜ್ಜನ ಕಾಲಕ್ಕೆ ಅದು ಜೋಳದ ಸೀಮೆ. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಭತ್ತದ್ದಾಯಿತು. ಭತ್ತಕ್ಕೆ ನಮ್ಮ ಕಡೆ ನೆಲ್ಲು ಎನ್ನುತ್ತಾರೆ. ನಾನು ನೌಕರಿ ಹಿಡಿದು ರಾಯಚೂರು ಸೇರಿದವನು. ನನ್ನ ಪಾಲಿನ ನಾಲ್ಕು ಎಕರೆಯನ್ನು ಈತ ಪಾಲಿಗೆ ಮಾಡುತ್ತಾನೆ. ಆತನ ಮನೆಯವರು ಮೂರು ತಲೆಮಾರಿನಿಂದ ಮೆಥಡಿಸ್ಟ್ ಸಭೆಯವರು. ನಾವು ಲಿಂಗ ಕಟ್ಟಿದವರು. ರಾಶಿಯ ಮುಂದೆ ಈ ಭೇದ ಎಂದೂ ತಲೆ ಹಾಕಿದ್ದಿಲ್ಲ.

ಹುಡುಗ ಸಿಂಧನೂರಿನಲ್ಲಿ ಬಿ.ಎ. ಮುಗಿಸಿದ್ದ. ಮುಂದೆ ಬಿ.ಎಡ್. ಮಾಡಲಿ, ಎಲ್ಲಾದರೂ ಮಾಸ್ತರಿಕೆ ಸಿಕ್ಕೀತೆಂದು ತಂದೆಯ ಆಸೆ. ಮಗನದು ಬೇರೆ. "ಪಾದ್ರಿ ಓದು ಓದ್ತೀನಂತ ಕುಂತಾನ್ರಿ. ಅದೂ ಸೀದಾ ಪಾದ್ರಿ ಆಗಂಗಿಲ್ಲಂತ, ಬರೇ ಯೌವನಸ್ಥರ ಸೇವಾ ಮಾಡ್ತಾನಂತ. ಅಯ್ಯನೋರಾದ್ರ ಇರಾಕ ಒಂದು ಮನಿ ಆದ್ರೂ ಕೊಡ್ತಾರ. ಇವ್ಗ ಯಾರು ಏನು ಕೊಡ್ತಾರ್ರಿ?" ಎಂದು ಆತ ಕೇಳಿದ. ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದ: "ಮೀಸಲಾತಿನೂ ನಮಗಿಲ್ಲ. ಇನ್ನ ಪಗಾರನೂ ಬ್ಯಾಡ ಅಂದ್ರ ಹೆಂಗ್ರಿ?"

ಈ ಎರಡನೆಯ ಮಾತು ಪಟ್ಟಣದ ಓದುಗರಿಗೆ ತಟಕ್ಕನೆ ಅರ್ಥವಾಗಲಿಕ್ಕಿಲ್ಲ. ಪರಿಶಿಷ್ಟ ಜಾತಿಗಳ ಬಗ್ಗೆ 1950ರಲ್ಲಿ ಹೊರಟ ರಾಷ್ಟ್ರಪತಿಗಳ ಆಜ್ಞೆಯಂತೆ ಕ್ರೈಸ್ತನಾದವನು ಆ ಪಟ್ಟಿಗೆ ಸೇರುವುದಿಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರಲ್ಲಿ ಸೇರಿಸಿಕೊಂಡರು, ಕ್ರೈಸ್ತರನ್ನು ಸೇರಿಸಿಕೊಳ್ಳಲಿಲ್ಲ. ಕೇರಿ ಬದಲಾಗಲಿಲ್ಲ, ಕೆಲಸ ಬದಲಾಗಲಿಲ್ಲ, ಸರ್ಟಿಫಿಕೇಟು ಮಾತ್ರ ಬದಲಾಯಿತು. ನಂಬಿಕೆಗಾಗಿ ಆ ಮನೆಯವರು ಆಗಲೇ ಒಂದು ಬೆಲೆ ತೆತ್ತಿದ್ದರು. ಈಗ ಮಗ ಎರಡನೆಯ ಕಂತು ಕೇಳುತ್ತಿದ್ದ.

ಅಂದು ಸಂಜೆ ಹುಡುಗನನ್ನು ಕರೆದುಕೊಂಡು ಕಾಲುವೆಯ ಏರಿಯ ಮೇಲೆ ಹೊರಟೆ. ನಾನು ಸಿದ್ಧಮಾಡಿಕೊಂಡಿದ್ದ ವಾದ ಹಳೆಯದು. ಹಳೆಯದಾದ್ದರಿಂದ ಗಟ್ಟಿಯಾದದ್ದೆಂದೂ ನನಗೆ ಭರವಸೆಯಿತ್ತು. "ತಮ್ಮಾ, ದೇವರ ಕೆಲಸ ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಅದನ್ನೇ ಉದ್ಯೋಗ ಮಾಡಿಕೊಂಡು ತಿಂಗಳಿಗೆ ಇಷ್ಟು ಎಂದು ತೆಗೆದುಕೊಂಡರೆ ಅದು ದೇವರ ಕೆಲಸವಾಗಿ ಉಳಿಯುತ್ತದೆಯೇ? ಬಿ.ಎಡ್. ಮಾಡು, ನೌಕರಿ ಮಾಡು, ಭಾನುವಾರ ಹುಡುಗರನ್ನು ಕಟ್ಟಿಕೊಂಡು ಹಾಡು, ಪ್ರಾರ್ಥನೆ ಮಾಡು. ಯಾರು ಬೇಡವೆನ್ನುತ್ತಾರೆ?"

ಹುಡುಗ ವಿನಯವಂತ. ನೆಲ ನೋಡುತ್ತಲೇ ಹೇಳಿದ: "ಸರ, ನೀವು ಪಂಪನ್ನ ಪಗಾರ ತಗೊಂಡss ಕಲಿಸಿದ್ರಲ್ರಿ. ಅದಕ್ಕ ಪಂಪ ಕೆಟ್ಟನೇನ್ರಿ?"

ಒಂದು ಫರ್ಲಾಂಗಿನಷ್ಟು ದೂರ ನಾನು ಮಾತಾಡಲಿಲ್ಲ.

ಕೂಲಿ ಪಡೆಯುವ ಧರ್ಮಸೇವೆಯ ಬಗ್ಗೆ ನಮ್ಮ ಜನಕ್ಕೆ ಒಂದು ಬಗೆಯ ಅಸಹ್ಯವಿದೆ. ವಿಚಾರಿಸಿ ನೋಡಿದರೆ ಅದು ಪೂರ್ತಿ ಪ್ರಾಮಾಣಿಕವಾದ ಅಸಹ್ಯವೇನೂ ಅಲ್ಲ. ಬಾದಾಮಿಯ ಬಳಿಯ ಶಿವಯೋಗ ಮಂದಿರವನ್ನು ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದಾಗ, ಮಠಗಳಿಗೆ ಬರುವವರು ಓದಿ, ಸಾಧನೆ ಮಾಡಿ ಬರಲೆಂಬುದೇ ಉದ್ದೇಶವಾಗಿತ್ತು. ಅಲ್ಲಿ ವಟುಗಳು ವರ್ಷಗಟ್ಟಲೆ ಕಲಿತದ್ದನ್ನು ನಾವು ಗೌರವದಿಂದಲೇ ಕಾಣುತ್ತೇವೆ. ಅವರ ಅನ್ನ ಭಕ್ತರಿಂದಲೇ ಬಂತು. ನಮ್ಮ ಮನೆಯಿಂದಲೂ ಮಠಕ್ಕೆ ಚೀಲ ಹೋಗಿದೆ. ಅದು ದಾಸೋಹ, ಇದು ಸಂಬಳ ಎಂದು ಹೆಸರು ಬದಲಿಸಿದ ಮಾತ್ರಕ್ಕೆ ಒಂದು ಪವಿತ್ರ, ಇನ್ನೊಂದು ಮೈಲಿಗೆ ಎನ್ನುವುದಾದರೆ, ಆ ವ್ಯತ್ಯಾಸ ನಮ್ಮ ಪಕ್ಷಪಾತದಲ್ಲಿದೆಯೇ ಹೊರತು ಅನ್ನದಲ್ಲಿಲ್ಲ.

ಇನ್ನೂ ಹಿಂದಕ್ಕೆ ಹೋಗಬಹುದು. ನಮ್ಮೂರಿಗೆ ಹತ್ತಿರದ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಒಂದು ಶಾಸನವನ್ನು ಕಂಡ. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದು ಆ ಶಾಸನದ ಹೆಸರಿನಿಂದ ಖಚಿತವಾಯಿತು. ಧರ್ಮದಿಂದ ದೊರೆಯುವ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಿಸಿದರೆ ಚಿಕ್ಕವರಿಗೂ ಉಂಟು ಎಂಬುದು ಅದರ ಸಾರ. ಅದೇ ಅಶೋಕ, ಪಟ್ಟಾಭಿಷೇಕವಾಗಿ ಹದಿಮೂರು ವರ್ಷವಾದ ಮೇಲೆ ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನೂ ನೇಮಿಸಿದ. ಪ್ರತಿಯೊಬ್ಬನೂ ತಾನೇ ಶ್ರಮಿಸಿ ಪಡೆಯಬೇಕಾದ ವಸ್ತುವಿಗೆ ಅಧಿಕಾರಿಗಳೇಕೆ ಎಂದು ಅವನನ್ನು ಕೇಳುವ ಧೈರ್ಯ ಆಗ ಯಾರಿಗಿತ್ತೋ ತಿಳಿಯದು.

ಕ್ರೈಸ್ತರೊಳಗೆ ಈ ಜಗಳ ಮೊದಲ ತಲೆಮಾರಿನಲ್ಲೇ ಹುಟ್ಟಿದೆ. ಸಂತ ಪೌಲ ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದವನು. ಸುವಾರ್ತೆ ಸಾರುವವನಿಗೆ ಅದರಿಂದಲೇ ಜೀವನ ನಡೆಸುವ ಹಕ್ಕಿದೆಯೆಂದು ಅದೇ ಊರಿನ ಸಭೆಗೆ ವಾದಿಸಿ ಬರೆದವನೂ ಅವನೇ. ಬರೆದು, ಆ ಹಕ್ಕನ್ನು ತಾನು ಮಾತ್ರ ಬಳಸಲಿಲ್ಲವೆಂದೂ ಹೇಳಿಕೊಂಡ. ಲಂಡನ್ನಿನಲ್ಲಿ 1844ರಲ್ಲಿ ವೈ.ಎಂ.ಸಿ.ಎ.ಯನ್ನು ಆರಂಭಿಸಿದ ಜಾರ್ಜ್ ವಿಲಿಯಮ್ಸ್ ಬಟ್ಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದ ಯುವಕ; ಕೊನೆಯವರೆಗೂ ಜವಳಿ ವ್ಯಾಪಾರಿಯಾಗಿಯೇ ಉಳಿದ. ಸೆರಾಂಪುರದ ವಿಲಿಯಂ ಕೇರಿ ಮೊದಲು ಚಮ್ಮಾರಿಕೆ ಮಾಡಿದವನು. ಬಂಗಾಳಕ್ಕೆ ಬಂದು ನೀಲಿಯ ಕಾರಖಾನೆ ನೋಡಿಕೊಂಡ. 1801ರಿಂದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಿ, ಬಂದ ಸಂಬಳದ ಹೆಚ್ಚಿನ ಭಾಗವನ್ನು ಮಿಶನ್ನಿಗೆ ಕೊಟ್ಟ. (1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದವನೂ ಈತನೇ ಎಂಬುದನ್ನು ಕನ್ನಡದ ಮಾಸ್ತರನಾಗಿ ನಾನು ಹೇಳದೆ ಬಿಡಲಾರೆ.) ಆತ ಗೆಳೆಯರೊಡನೆ 1818ರಲ್ಲಿ ಕಟ್ಟಿದ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ದೊರೆ ಪದವಿ ಕೊಡುವ ಅಧಿಕಾರ ಕೊಟ್ಟ. ಇಂದಿಗೂ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಾಗಲಿ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಾಗಲಿ ಬಿ.ಡಿ. ಓದುವವನಿಗೆ ಪದವಿ ಬರುವುದು ಆ ಸೆರಾಂಪುರದ ಸೆನೆಟ್ಟಿನಿಂದ. ಬೇರೆ ದುಡಿಮೆಯಿಂದ ಹೊಟ್ಟೆ ಹೊರೆದವನ ಹೆಸರಿನ ನೆರಳಿನಲ್ಲಿ, ಬೇರೆ ದುಡಿಮೆಯಿಲ್ಲದ ಸೇವಕರು ತಯಾರಾಗುತ್ತಾರೆ. ಇದನ್ನು ವ್ಯಂಗ್ಯವೆಂದು ನಾನು ಹೇಳುತ್ತಿಲ್ಲ. ಎರಡು ದಾರಿಗಳೂ ಮೊದಲಿನಿಂದ ಇದ್ದುವೆಂದಷ್ಟೇ ಹೇಳುತ್ತಿದ್ದೇನೆ.

ಹಾಗಾದರೆ ಕೂಲಿಯ ಪ್ರಶ್ನೆಯೇ ಇಲ್ಲವೇ? ಇದೆ, ಆದರೆ ಅದು 'ತೆಗೆದುಕೊಳ್ಳಬಹುದೇ' ಎಂಬುದಲ್ಲ, 'ಎಷ್ಟು' ಎಂಬುದು. ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಅವನ ಅಮರೇಶ್ವರ ಲಿಂಗಸುಗೂರು ತಾಲೂಕಿನದು, ಎಂದರೆ ನಮ್ಮ ಸೀಮೆಯವನೇ. ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದವನು ಒಂದು ದಿನ ಹೆಚ್ಚಿಗೆ ತಂದಾಗ, ಅದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಹೆಂಡತಿ ಲಕ್ಕಮ್ಮ. ಕೆಲಸ ಶುದ್ಧವೇ, ಅಕ್ಕಿಯೂ ಶುದ್ಧವೇ; ಅಂದಿನ ಅಗತ್ಯಕ್ಕಿಂತ ಮೇಲಾದದ್ದು ಮಾತ್ರ ಆಕೆಗೆ ಬೇಡವಾಯಿತು. ಈ ಅಳತೆಗೋಲನ್ನು ಯುವಕ ಪಾದ್ರಿಗೆ ಹಿಡಿಯುವ ಮೊದಲು ಪಿಂಚಣಿಯ ಮಾಸ್ತರನಿಗೂ ಹಿಡಿಯಬೇಕಾಗುತ್ತದೆ ಎಂಬುದು ಏರಿಯ ಮೇಲೆಯೇ ನನಗೆ ಹೊಳೆದಿತ್ತು. ಆದರೆ ಆ ಹೊತ್ತಿಗೆ ನಾನದನ್ನು ಮುಂದುವರಿಸಲಿಲ್ಲ.

ಮರುದಿನ ಹುಡುಗ ಕೆಲವು ಕಾಗದಗಳನ್ನು ತಂದು ತೋರಿಸಿದ. ಒಂದರಲ್ಲಿ ಬಿ.ಡಿ.ಯ ಪಾಠಗಳ ವಿವರವಿತ್ತು: ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಹೀಬ್ರೂ, ಗ್ರೀಕ್, ಸಭೆಯ ಚರಿತ್ರೆ, ಹಿಂದೂಧರ್ಮ, ಇಸ್ಲಾಂ, ನೊಂದವರೊಡನೆ ಮಾತಾಡುವ ಬಗೆ. ಪದವೀಧರರಿಗೆ ನಾಲ್ಕು ವರ್ಷ. ಇನ್ನೊಂದು, ಹಿಂದಿನ ಬೇಸಗೆಯಲ್ಲಿ ಯಾವುದೋ ಸಂಸ್ಥೆಯ ಪರವಾಗಿ ಅವನು ನಡೆಸಿಕೊಟ್ಟ ಯೌವನಸ್ಥರ ಶಿಬಿರದ ವರದಿ. ಅದರಲ್ಲಿ ಗೆರೆ ಹೊಡೆದ ಮನೆಗಳು: ಬಂದವರು, ಕೊನೆಯವರೆಗೆ ಇದ್ದವರು, ತೀರ್ಮಾನ ಮಾಡಿದವರು. ಮೂರನೆಯ ಮನೆಯಲ್ಲಿ ಅವನು 23 ಎಂದು ಬರೆದಿದ್ದ. ತೀರ್ಮಾನವೆಂದರೆ ಇನ್ನು ಮುಂದೆ ಕ್ರಿಸ್ತನನ್ನು ಹಿಂಬಾಲಿಸುತ್ತೇನೆಂದು ಎದ್ದುನಿಂತು ಹೇಳುವುದು. ಬಂದವರೆಲ್ಲ ಸಭೆಯ ಮನೆಗಳ ಮಕ್ಕಳೇ ಎಂದು ವಿವರಿಸಿದ. ಆ 23 ಹೆಸರುಗಳೂ ಅವನಿಗೆ ಬಾಯಲ್ಲೇ ಇದ್ದುವು. ಅದು ನನಗೆ ಹಿಡಿಸಿತು.

"ಈಗ ಎಷ್ಟು ಮಂದಿ ಬರುತ್ತಾರೆ?" ಎಂದೆ.

"ಹದಿನೆಂಟು ಹತ್ತೊಂಬತ್ತು ಬರ್ತಾರ್ರಿ."

"ಉಳಿದವರು?"

ಹೆಚ್ಚಿನವರು ದುಡಿಯಲು ಬೆಂಗಳೂರಿಗೆ ಹೋಗಿದ್ದರು. ಒಬ್ಬ ಮಾತ್ರ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊರುತ್ತಿದ್ದ. ಹತ್ತಿರದಲ್ಲೇ ಇದ್ದೂ ಬರುತ್ತಿರಲಿಲ್ಲ. ತನಗೆ ಇದರಲ್ಲಿ ನಂಬಿಕೆಯಿಲ್ಲವೆಂದು ಹೇಳಿ ಬಿಟ್ಟಿದ್ದನಂತೆ. ಹುಡುಗ ಅವನನ್ನು ನೋಡಿ ಆರು ತಿಂಗಳಾಗಿತ್ತು. "ಅವ್ನ ಮ್ಯಾಲ ಸಿಟ್ಟಿಲ್ರಿ, ಆದ್ರ ಏನ್ ಮಾತಾಡ್ಲಿ ತಿಳೀವಲ್ದು" ಎಂದ.

ಆಗ ನಾನು ಬುದ್ಧಿ ಹೇಳುವುದನ್ನು ಬಿಟ್ಟು ಬೇರೊಂದನ್ನು ಹೇಳಿದೆ. ಅದನ್ನು ಈ ಮೊದಲು ಮನೆಯಲ್ಲೂ ಹೇಳಿದವನಲ್ಲ; ಇಲ್ಲಿ ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ನೂರಕ್ಕೆ ನೂರು ಆಗಬೇಕೆಂದು ಒಂದು ವರ್ಷ ಎಲ್ಲರಿಗೂ ಹುರುಪು ಹತ್ತಿತ್ತು. ನನಗೂ ಹತ್ತಿತ್ತು, ಯಾರೂ ಒತ್ತಾಯ ಮಾಡಿರಲಿಲ್ಲ. ನನ್ನ ತರಗತಿಯಲ್ಲಿ ಗಣಿತ ಹತ್ತದ ಒಬ್ಬ ಹುಡುಗನಿದ್ದ. ಕನ್ನಡ ಚೆನ್ನಾಗಿ ಓದುತ್ತಿದ್ದ. ನನ್ನ ಮೇಲೆ ಬಹಳ ವಿಶ್ವಾಸ. ಅವನನ್ನು ಕರೆದು, "ಈ ವರ್ಷ ಕೂಡಬೇಡ, ಇನ್ನೊಂದು ವರ್ಷ ತಯಾರಿ ಮಾಡಿಕೋ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ" ಎಂದೆ. ಅವನು ತಕ್ಷಣ ಒಪ್ಪಿದ. ನಾನು ಹೇಳಿದ್ದೇನೆಂಬ ಒಂದೇ ಕಾರಣಕ್ಕೆ ಒಪ್ಪಿದ. ಫಲಿತಾಂಶ ನೂರಕ್ಕೆ ನೂರಾಯಿತು, ನಮಗೆ ಶಾಲು ಹೊದಿಸಿದರು. ಆ ಹುಡುಗ ಮರುವರ್ಷ ಶಾಲೆಯ ಕಡೆಗೆ ಬರಲಿಲ್ಲ. ಎಲ್ಲಿಗೋ ದುಡಿಯಲು ಹೋದನೆಂದರು. ನಿನ್ನ ಒಳ್ಳೆಯದಕ್ಕೆ ಎಂದಾಗ ನಾನು ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಿರಲಿಲ್ಲ. ಆ ಕ್ಷಣಕ್ಕೆ ಅದನ್ನು ನಂಬಿಯೇ ಹೇಳಿದ್ದೆ. ಮನಸ್ಸು ಅಂಥ ಕಡೆಗಳಲ್ಲಿ ಬಹಳ ಚುರುಕಾಗಿ ಕೆಲಸ ಮಾಡುತ್ತದೆ.

ಸಂಬಳ ನನ್ನನ್ನು ಕೆಡಿಸಿರಲಿಲ್ಲ. ಆ ವರ್ಷ ಒಂದು ರೂಪಾಯಿಯೂ ಹೆಚ್ಚಿಗೆ ಬರಲಿಲ್ಲ. ಕೆಡಿಸಿದ್ದು ಎಣಿಕೆ. ಎದುರಿಗಿರುವ ಹುಡುಗ ನಾನು ಗೆದ್ದೆನೆಂಬುದಕ್ಕೆ ಸಾಕ್ಷಿಯಾಗಿಬಿಟ್ಟ ಮೇಲೆ ಅವನು ಹುಡುಗನಾಗಿ ಕಾಣುವುದಿಲ್ಲ. ಗುಡಾರ ಹೊಲಿದು ಉಂಡವನಿಗೂ ಈ ಅಪಾಯ ತಪ್ಪಿದ್ದಲ್ಲ. ನೌಕರಿ ಮಾಡು, ಭಾನುವಾರ ಸೇವೆ ಮಾಡು ಎಂದು ನಾನು ಹೇಳಿದ ಉಪಾಯದಿಂದ ಇದಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. ಬಿಟ್ಟಿ ಸೇವೆ ಮಾಡುವವನ ಹೆಮ್ಮೆ ಸಂಬಳದವನ ಹೆಮ್ಮೆಗಿಂತ ಎರಡು ತೂಕ ಹೆಚ್ಚೇ ಇರುವುದನ್ನು ಬೇಕಾದಷ್ಟು ಕಂಡಿದ್ದೇನೆ.

ಹದಿಹರೆಯದವರ ನಡುವೆ ಈ ಅಪಾಯ ಇಮ್ಮಡಿಯಾಗುತ್ತದೆ. ಹದಿನೈದು ಹದಿನಾರರ ಹುಡುಗನಿಗೆ ಗಿಟಾರು ಬಾರಿಸುವ ಅಣ್ಣನ ಮೇಲಿನ ಪ್ರೀತಿ ಯಾವುದು, ಆ ಅಣ್ಣ ಹಾಡುವ ದೇವರ ಮೇಲಿನ ಪ್ರೀತಿ ಯಾವುದು ಎಂದು ಬೇರೆ ಮಾಡಿ ತಿಳಿಯುವುದಿಲ್ಲ. ತಿಳಿಯಬೇಕೆಂದು ನಾವು ಅಪೇಕ್ಷಿಸುವುದೂ ತಪ್ಪು. ನನ್ನ ವಿದ್ಯಾರ್ಥಿ ಪಂಪನನ್ನು ಮೆಚ್ಚಿದ್ದು ಎಷ್ಟು, ನನ್ನನ್ನು ಮೆಚ್ಚಿದ್ದು ಎಷ್ಟು? ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಬಗ್ಗೆ ಒಂದು ಕಾಯಿದೆಯಾಯಿತು. ಆಮಿಷ, ಬಲವಂತಗಳನ್ನು ಅಪರಾಧವೆಂದಿತು, ಅಪ್ರಾಪ್ತ ವಯಸ್ಕರ ವಿಷಯದಲ್ಲಿ ಹೆಚ್ಚಿನ ಶಿಕ್ಷೆಯನ್ನೂ ಹೇಳಿತು. 2023ರಲ್ಲಿ ಹೊಸ ಸರಕಾರದ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತು. ಆ ವಾದವಿವಾದ ಇಲ್ಲಿ ಬೇಡ. ಯಾವ ಕಾಯಿದೆಯೂ ಮುಟ್ಟಲಾರದ ಜಾಗವೊಂದಿದೆಯೆಂದು ಮಾತ್ರ ನನ್ನ ಎಣಿಕೆ. ಹಿರಿಯನೊಬ್ಬನ ಮುಖ ಬಾಡಬಾರದೆಂದು ಕಿರಿಯನೊಬ್ಬ ಎದ್ದುನಿಂತು 'ಹೌದು' ಎನ್ನುತ್ತಾನಲ್ಲ, ಅಲ್ಲಿ ಆಮಿಷವೂ ಇಲ್ಲ, ಬಲವಂತವೂ ಇಲ್ಲ. ಮಠಗಳಲ್ಲಿ, ಪಕ್ಷಗಳ ಯುವಕ ಸಂಘಗಳಲ್ಲಿ, ಸಾಹಿತ್ಯದ ಗುಂಪುಗಳಲ್ಲಿ ಕೂಡ ಇದೇ 'ಹೌದು' ದಿನವೂ ಕೇಳಿಬರುತ್ತದೆ. ಅದನ್ನು ವರದಿಯಲ್ಲಿ ಬರೆಯಬೇಕೇ, ಬಿಡಬೇಕೇ ಎಂಬುದು ಬರೆಯುವವನ ಅಂತಃಕರಣಕ್ಕೆ ಬಿಟ್ಟ ಮಾತು.

ಹುಡುಗ ಕೇಳಿದ: "ಹಂಗಾದ್ರ ಈ ಕೆಲಸಕ್ಕ ಹೋಗಬಾರದೇನ್ರಿ?"

ಅವನಿಗೆ ಉತ್ತಂಗಿ ಚನ್ನಪ್ಪನವರ ವಿಷಯ ಹೇಳಿದೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ಓದಿ, ಸಂಬಳದ ಪಾದ್ರಿಯಾಗಿಯೇ ಊರೂರು ತಿರುಗಿದವರು. ಹಾಗೆ ತಿರುಗುತ್ತ ಜನರ ಬಾಯಲ್ಲಿದ್ದ, ಓಲೆಗಳಲ್ಲಿದ್ದ ಸರ್ವಜ್ಞನನ್ನು ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ವಚನಗಳಿಗೆ ಕೈಹಾಕಿದರು. ನಿಜಾಮರ ಆಳಿಕೆ ಮುಗಿದ ಮರುವರ್ಷ, 1949ರಲ್ಲಿ, ಕಲಬುರ್ಗಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಈ ಪಾದ್ರಿ. ತಮ್ಮ ನಂಬಿಕೆಯನ್ನು ಅವರೇನೂ ಬಿಡಲಿಲ್ಲ; ಎದುರಿನವನ ನಂಬಿಕೆ ಏನೆಂದು ಅವನ ಮಾತಿನಲ್ಲೇ ತಿಳಿಯಬೇಕೆಂದು ವರ್ಷಗಟ್ಟಲೆ ಕೂತರು. ಅವರ ವಾರ್ಷಿಕ ವರದಿಗಳ ಮನೆಗಳಲ್ಲಿ ಯಾವ ಅಂಕೆಗಳಿದ್ದುವೆಂದು ಇಂದು ಯಾರೂ ಕೇಳುವುದಿಲ್ಲ. ಮುಂದೆ ಬಲ್ಮಠದಲ್ಲಿ ಪ್ರಾಂಶುಪಾಲರಾಗಿದ್ದ ಕಾರ್ಕಳದ ಸ್ಟ್ಯಾನ್ಲಿ ಸಮರ್ಥರು 1971ರಿಂದ ಸುಮಾರು ಹತ್ತು ವರ್ಷ, ಜಿನೀವದ ಜಾಗತಿಕ ಚರ್ಚುಗಳ ಮಂಡಲಿಯಲ್ಲಿ ಅನ್ಯಧರ್ಮದವರೊಡನೆ ಸಂವಾದ ನಡೆಸುವ ವಿಭಾಗವನ್ನೇ ನೋಡಿಕೊಂಡರು. ಇವರಿಬ್ಬರೂ ಓದಿದವರು. ಓದಿದ್ದರಿಂದಲೇ ಹಾಗಾದರೆಂದು ನಾನು ಹೇಳಲಾರೆ. ಓದದೆ ಹಾಗಾಗುವುದು ಕಷ್ಟವಿತ್ತೆಂದು ಮಾತ್ರ ತೋರುತ್ತದೆ.

ಏಕೆಂದರೆ, ಆ ಪಾಠದ ಪಟ್ಟಿಯನ್ನು ಎರಡನೆಯ ಸಲ ನೋಡಿದಾಗ ನನಗೆ ಒಂದು ಸಂಗತಿ ಕಂಡಿತು. ನಾಲ್ಕು ವರ್ಷ ಈ ಹುಡುಗ ಗ್ರೀಕ್ ಅಕ್ಷರ ತಿದ್ದಬೇಕು. ತಾನು ದೇವರ ವಾಕ್ಯವೆಂದು ಹಾಡಿದ ಪುಸ್ತಕವನ್ನು ಯಾರು ಯಾರು ಯಾವ ಕಾಲದಲ್ಲಿ ಬರೆದರೆಂಬ ಪಂಡಿತರ ಜಗಳ ಕೇಳಬೇಕು. ನಮ್ಮ ವಚನಕಾರರನ್ನೂ ಕುರಾನನ್ನೂ ಪರೀಕ್ಷೆಗೆ ಓದಬೇಕು. ಹದಿನಾರರ ಹುಡುಗರು ಮುಂದೆ ಅವನನ್ನು ಕೇಳುವ ಪ್ರಶ್ನೆಗಳು ಮೊದಲು ಅವನನ್ನೇ ಕೇಳಿಕೊಂಡು ಬರುತ್ತವೆ. ಆ ನಾಲ್ಕು ವರ್ಷ ಯಾರನ್ನೂ ಎಣಿಸುವ ಹಾಗಿಲ್ಲ. ಬೇರೆಯವರೇ ಅವನನ್ನು ಎಣಿಸಿ ಅಂಕ ಹಾಕುತ್ತಾರೆ. ಗಿರಣಿಯ ಹುಡುಗನೊಡನೆ ಏನು ಮಾತಾಡಬೇಕೆಂಬುದು ಅಷ್ಟು ದಿನದಲ್ಲಾದರೂ ತಿಳಿದೀತು. ಬಿ.ಎಡ್.ನಲ್ಲಿ ನನಗೆ ಅದನ್ನು ಯಾರೂ ಕಲಿಸಲಿಲ್ಲ.

ತಂದೆಗೆ "ಕಳಿಸಪ್ಪಾ" ಎಂದೆ. ಆತ ನನ್ನಿಂದ ಆ ಮಾತನ್ನು ನಿರೀಕ್ಷಿಸಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ನಾಕು ವರ್ಷ ಹೆಂಗ ಮಾಡ್ಬೇಕ್ರಿ?" ಎಂದ. ದೂರಿನ ಧ್ವನಿಯಲ್ಲ, ಲೆಕ್ಕದ ಧ್ವನಿ. ನನ್ನ ಪಾಲಿನ ನೆಲ್ಲು ಅಲ್ಲೇ ಚೀಲ ತುಂಬಿ ನಿಂತಿತ್ತು. ಲಕ್ಕಮ್ಮನ ನೆನಪಾಗದೆ ಇರಲಿಲ್ಲ. ನೆನಪಾದದ್ದು ಸಂತೋಷವನ್ನೇನೂ ಕೊಡಲಿಲ್ಲ. ಹುಡುಗನ ಓದು ಮುಗಿಯುವವರೆಗೆ ವರ್ಷಕ್ಕೆ ಹತ್ತು ಚೀಲ ಅಲ್ಲೇ ಇರಲಿ ಎಂದೆ. ಹೇಳಿಕೊಳ್ಳುವಂಥ ತ್ಯಾಗವೇನೂ ಅಲ್ಲ, ಪಿಂಚಣಿ ಬರುತ್ತದೆ. ರಾಯಚೂರಿನಲ್ಲಿ ಗಾಡಿ ಇಳಿಸುವಾಗ ನನ್ನ ಮನೆಯವಳು ಚೀಲ ಎಣಿಸಿ, "ಈ ಸಲ ಇಷ್ಟೇನಾ?" ಎಂದಳು. ಕಲ್ಯಾಣದ ಕಾಲ ಹೋಯಿತು!

ಹುಡುಗ ಜೂನ್‌ನಲ್ಲಿ ಕಾಲೇಜು ಸೇರಿದ. ಆಗಸ್ಟಿನಲ್ಲಿ ನಾಟಿಯ ಹೊತ್ತಿಗೆ ನಾನು ಮತ್ತೆ ಬಳಗಾನೂರಿಗೆ ಹೋಗಿದ್ದಾಗ ಅವನ ಫೋನು ಬಂತು. ತಂದೆ ಎಲ್ಲರಿಗೂ ಕೇಳಿಸುವ ಹಾಗೆ ಇಟ್ಟ. ಕಾಲುವೆಗೆ ನೀರು ಬಂತೇ, ಅವ್ವನ ಮೊಣಕಾಲು ಹೇಗಿದೆ ಎಂದೆಲ್ಲ ವಿಚಾರಿಸಿದ. ಗ್ರೀಕ್ ಬಹಳ ಕಷ್ಟವೆಂದ. ಮುಂದೆ ಪಗಾರ ಎಷ್ಟು ಬಂದೀತೆಂದು ಅಲ್ಲಿ ಯಾರಾದರೂ ಹೇಳಿದರೇ ಎಂದು ತಂದೆ ಕೇಳಿದ. ಹುಡುಗ ನಕ್ಕು ಸುಮ್ಮನಾದ. ಊರು ಬಿಡುವ ಮುಂಚೆ ಸಿಂಧನೂರಿನ ಗಿರಣಿಗೆ ಎರಡು ಸಲ ಹೋಗಿದ್ದನಂತೆ. ಪ್ರಾರ್ಥನೆಯ ಮಾತು ಬರಲಿಲ್ಲ, ಚಹ ಕುಡಿದು ಬಂದೆವು ಎಂದ. ಆಮೇಲೆ ನನ್ನನ್ನು ಕೇಳಿದ: "ಸರ, ನಿಮ್ಮ ಆ ಹುಡುಗ ಸಿಕ್ಕನೇನ್ರಿ?"

ನಾನು ಹುಡುಕಿರಲಿಲ್ಲ. ಇನ್ನೂ ಇಲ್ಲಪ್ಪ ಎಂದೆ.